ಕೆಂಗೇರಿಯ ಹುಲ್ಲಿಗೆ ನೀರು ಬಿಡುವ ಪೆಟ್ಟಿಗೆ

ಕೆಂಗೇರಿ ಉಪನಗರದ ಮನೆಗೆ ಸಾಮಾನು ಇಳಿಸಿದ ಮರುದಿನ ಬೆಳಿಗ್ಗೆ ಹಲ್ಲುಜ್ಜುತ್ತಾ ಬಾಗಿಲು ತೆಗೆದೆ. ಎದುರಿನ ಹುಲ್ಲಿನೊಳಗಿಂದ ಬುಸ್ ಅಂತ ಸದ್ದು ಬಂತು. ನೋಡನೋಡುತ್ತಿದ್ದಂತೆ ನೆಲದಿಂದ ಗೇಣುದ್ದದ ಕಪ್ಪು ಕೊಳವೆಗಳು ಒಂದೊಂದಾಗಿ ತಲೆ ಎತ್ತಿ ನೀರು ಚಿಮ್ಮಿಸತೊಡಗಿದವು. ಸುತ್ತ ಒಂದು ನರಪಿಳ್ಳೆಯೂ ಇರಲಿಲ್ಲ. ಪೈಪು ಒಡೆದಿದೆ ಅಂದುಕೊಂಡೆ. ನಮ್ಮ ಚನ್ನಗಿರಿಯಲ್ಲಿ ಪೈಪು ಒಡೆದರೆ ಇಡೀ ಬೀದಿ ಕೊಡ ಹಿಡಿದು ಓಡಿ ಬರುತ್ತದೆ. ನಾನೂ ಅದನ್ನೇ ಮಾಡಿದೆ.

"ಗಿರಿಜಾ, ಕೊಡ ತಗಂಡು ಬಾರೆ. ನೀರು ಸುಮ್ನೆ ಹೋಗ್ತೈತೆ."

ನನ್ನ ಹೆಂಡತಿ ಇನ್ನೂ ಬಿಚ್ಚದ ಗಂಟಿನಿಂದ ಕೊಡ, ಬಕೆಟ್ಟು, ಕೊನೆಗೆ ಕುಕ್ಕರನ್ನೂ ಹೊತ್ತು ತಂದಳು. ನಾನು ಒಂದು ಕೊಳವೆಯ ಮೇಲೆ ಬಕೆಟ್ಟು ಕವುಚಿ ಅದರ ಮೇಲೆ ಕೂತೆ. ಮೇಲಿನ ಬಾಲ್ಕನಿಯಿಂದ ಮನೆ ಓನರ್ ಶಾರದಮ್ಮ ಬಗ್ಗಿ ನೋಡಿದರು.

"ಏಳಿ ಹಾಲೇಶ್, ಅದು ಸ್ಪ್ರಿಂಕ್ಲರು. ಅದರ ಪಾಡಿಗೆ ಅದು ನೀರು ಬಿಟ್ಕೊಳತ್ತೆ, ಅದರ ಪಾಡಿಗೆ ನಿಲ್ಲತ್ತೆ. ನೀವು ಮೇಲೆ ಕೂತ್ರೆ ಮುರಿದೋಗತ್ತೆ ಅಷ್ಟೇ."

ಬೆಂಗಳೂರಿನ ಜೊತೆ ನನ್ನ ಮೊದಲ ಪರಿಚಯ ಆದದ್ದು ಹೀಗೆ, ಒದ್ದೆ ಪಂಚೆಯಲ್ಲಿ.

ಗಿರಿಜಾ ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸು. ಅವಳಿಗೆ ಈ ಕಡೆ ವರ್ಗವಾಯಿತು ಅಂತ ನಾವು ಬಂದೆವು. ನನ್ನದು ಹೊಲಿಗೆ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟು ಮಷೀನಿನ ಮುಂದೆ ಕೂತವನು. ಮದುವೆಯಾದ ಮೇಲೆ ಅವಳೇ ಹಿಂದೆ ಬಿದ್ದು ಎಸ್ಸೆಸ್ಸೆಲ್ಸಿ ಕಟ್ಟಿಸಿ ಪಾಸು ಮಾಡಿಸಿದಳು. ಮಷೀನು ಎಲ್ಲಿ ಇಟ್ಟರೂ ಹೊಲಿಯುತ್ತದೆ ಅನ್ನುವ ಧೈರ್ಯದಲ್ಲಿ ಹೊರಟೆ. ಆದರೆ ಮಷೀನು ಇಡಲು ಜಾಗ ಬೇಕಲ್ಲ. ಮನೆ ಹುಡುಕುವಾಗ ಎಲ್ಲರೂ ಮೊದಲು "ಎಷ್ಟು ಜನ" ಅಂತ ಕೇಳಿ, ಆಮೇಲೆ "ಮಷೀನಾ, ಸದ್ದಾಗತ್ತೆ" ಅಂತ ಬಾಗಿಲು ಹಾಕುತ್ತಿದ್ದರು. ಶಾರದಮ್ಮ ಮಾತ್ರ "ವರಾಂಡದಲ್ಲಿ ಇಟ್ಕೊಳ್ಳಿ, ನಂದೂ ಬ್ಲೌಸ್ ಹೊಲಿಯೋರಿಲ್ಲ" ಅಂದರು. ವರಾಂಡದ ಎದುರಿಗೇ ಆ ಹುಲ್ಲು. ಇಲ್ಲಿಯವರು ಅದಕ್ಕೆ ಲಾನ್ ಅನ್ನುತ್ತಾರೆ. ನಮ್ಮೂರಲ್ಲಿ ಹುಲ್ಲು ಅಂದರೆ ಎಮ್ಮೆಗೆ ಹಾಕುವುದು. ಇಲ್ಲಿ ಹುಲ್ಲಿಗೇ ನೀರು ಹಾಕಿ, ತಲೆ ಬಾಚಿದ ಹಾಗೆ ಕತ್ತರಿಸಿ, ಅದರ ಮೇಲೆ ಚಾಪೆ ಹಾಸಿಕೊಂಡು ಶಾರದಮ್ಮ ರಸ್ತೆಯ ಹೆಂಗಸರಿಗೆಲ್ಲ ಯೋಗ ಹೇಳಿಕೊಡುತ್ತಿದ್ದರು.

ಇಲ್ಲಿನ ಮಾತು ನಮ್ಮದೇ ಕನ್ನಡ, ಆದರೂ ಕೆಲವು ಪದಗಳು ಹೊಸವು. ಗೊತ್ತಾದ ದಿನಗಳಲ್ಲಿ ಮಾತ್ರ ಬರುವ ನಲ್ಲಿ ನೀರಿಗೆ ಇವರು ಕಾವೇರಿ ಅನ್ನುತ್ತಾರೆ. "ಇವತ್ತು ಕಾವೇರಿ ಬಂತಾ ಆಂಟಿ?" ಅಂತ ಪಕ್ಕದ ಮನೆಯವರು ಶಾರದಮ್ಮನನ್ನು ಕೇಳಿದಾಗ ಅವರ ಮಗಳೋ ಸೊಸೆಯೋ ಇರಬೇಕು ಅಂದುಕೊಂಡು, ಯಾವಾಗ ಬರುತ್ತಾರೋ ಎಂದು ನಾನೂ ಗೇಟಿನ ಕಡೆ ನೋಡಿದ್ದೆ. ನಾನು "ಐತೆ" ಅಂದರೆ ಯೋಗದ ಹೆಂಗಸರು ಮುಖ ಮುಖ ನೋಡಿಕೊಂಡು ನಗುತ್ತಿದ್ದರು. ಸಂಜೆ ತಿಂಡಿಗೆ ನಮ್ಮೂರ ಮಂಡಕ್ಕಿ ಮೆಣಸಿನಕಾಯಿ ಹುಡುಕಿಕೊಂಡು ಹೋದರೆ ಸಿಕ್ಕಿದ್ದು ಪಾನಿಪುರಿ. ಗಿರಿಜಾಗೆ ಡ್ಯೂಟಿ ಇದ್ದ ದಿನ ಮಾತಾಡಲು ಯಾರೂ ಇಲ್ಲದೆ ನಾನು ಮಷೀನಿನ ಚಕ್ರವನ್ನು ಸುಮ್ಮನೆ ತಿರುಗಿಸುತ್ತಾ ಕೂತಿದ್ದೂ ಉಂಟು. ಚನ್ನಗಿರಿಯಲ್ಲಿ ಗಿರಾಕಿ ಬಟ್ಟೆ ಕೊಟ್ಟು ಸುಮ್ಮನೆ ಹೋಗುವುದಿಲ್ಲ, ಕೂತು ಊರಿನ ಸುದ್ದಿಯನ್ನೆಲ್ಲ ಹೇಳಿಯೇ ಹೋಗುತ್ತಾನೆ. ಇಲ್ಲಿ ಅಳತೆಗೆ ಹಳೆಯ ಅಂಗಿ ಕೊಟ್ಟು, ಸ್ಕೂಟರು ಆಫ್ ಮಾಡದೆಯೇ ಹೊರಟುಬಿಡುತ್ತಾರೆ.

ಹಾಗಿರುವಾಗ ಒಂದು ದಿನ ಜೋರು ಮಳೆ. ಆ ಮಳೆಯಲ್ಲೇ ಕೊಳವೆಗಳು ತಲೆ ಎತ್ತಿ ನೀರು ಚಿಮ್ಮಿಸಿದವು. ಗೋಡೆಯ ಮೇಲಿದ್ದ ಹಳೆಯ ಟೈಮರಿಗೆ ಗಂಟೆ ಗೊತ್ತೇ ಹೊರತು ಮಳೆ ಗೊತ್ತಿಲ್ಲ. ಎದುರು ಮನೆಯವರು ವಿಡಿಯೋ ತೆಗೆದು ರಸ್ತೆಯ ವಾಟ್ಸಾಪ್ ಗುಂಪಿಗೆ ಹಾಕಿದರು. ನಮಗೆ ಕುಡಿಯಲು ಟ್ಯಾಂಕರು, ಇವರಿಗೆ ಮಳೆಯಲ್ಲೂ ಕಾರಂಜಿ ಅಂತ ಬರೆದರು.

ಆ ಭಾನುವಾರ ವಿಜಯನಗರದಿಂದ ಶಾರದಮ್ಮನ ಮಗ ನವೀನ್ ಬಂದ. ವರಾಂಡದಲ್ಲಿ ನಾನು ಕೂತಿದ್ದರೂ ಲೆಕ್ಕಿಸದೆ ಹೇಳಿದ:

"ಅಮ್ಮ, ಇದನ್ನ ಕಿತ್ತಾಕಿ ಟೈಲ್ಸ್ ಹಾಕ್ಸೋಣ. ಕೆಳಗಿನ ಮನೇನೂ ಒಡೆದ್ರೆ ಪೂರ್ತಿ ಪಾರ್ಕಿಂಗ್ ಆಗತ್ತೆ. ನಾನು ಬಂದಾಗೆಲ್ಲ ಕಾರನ್ನ ಎಷ್ಟು ದಿನ ಅಂತ ರಸ್ತೇಲಿ ನಿಲ್ಸೋದು?"

"ಕೆಳಗೆ ಜನ ಇದಾರೆ ಕಣೋ."

"ಬೇರೆ ಮನೆ ಸಿಗತ್ತೆ ಬಿಡು ಅವ್ರಿಗೆ."

ಶಾರದಮ್ಮ ಮಗನನ್ನು ಕಾಫಿಗೆ ಮೇಲೆ ಕರೆದರು. ಹುಲ್ಲು ಹೋದರೆ ನಮ್ಮ ಮನೆಯೂ ಹೋಗುತ್ತದೆ ಅನ್ನುವುದು ನನಗೆ ಆವತ್ತೇ ಅರ್ಥವಾಯಿತು. ಮತ್ತೆ ಮಷೀನು ಹೊತ್ತು ಬಾಗಿಲು ಬಾಗಿಲು ತಟ್ಟುವ ಮನಸ್ಸು ನನಗಿರಲಿಲ್ಲ. ಅವರು ಮೇಲೆ ಹೋದ ಮೇಲೆ ನಾನೂ ಹತ್ತಿ ಹೋಗಿ, "ಅಮ್ಮ, ಮಳೆ ಬಂದ್ರೆ ತಾನೇ ನಿಲ್ಲೋ ಪೆಟ್ಟಿಗೆ ಬರ್ತಾವಂತೆ. ನಾನು ನೋಡ್ಕೊಂಡು ಬರ್ಲಾ?" ಅಂದೆ.

ನವೀನ್ ನಕ್ಕ. "ಅದಕ್ಕೆ ಆ್ಯಪ್ ಇರತ್ತೆ ಅಂಕಲ್. ಬ್ಲೌಸ್ ಹೊಲ್ದಂಗಲ್ಲ."

"ನೋಡ್ಕೊಂಡು ಬರ್ಲಿ ಬಿಡೋ" ಅಂದರು ಶಾರದಮ್ಮ.

ಮಾಗಡಿ ರಸ್ತೆಯಲ್ಲಿ ಪೈಪು, ಮೋಟಾರು ಮಾರುವ ಒಂದು ಅಂಗಡಿಗೆ ಹೋದೆ. ಅಂಗಡಿಯವನು ಮೊದಲು ತೋರಿಸಿದ್ದು ಬಿಳಿಯ, ನಯವಾದ, ಒಂದೂ ಗುಂಡಿಯಿಲ್ಲದ ಪೆಟ್ಟಿಗೆ. ಎಲ್ಲ ಫೋನಿನಲ್ಲೇ.

"ಇದು ಇಂಟರ್ನೆಟ್ಟಲ್ಲಿ ಹವಾಮಾನ ನೋಡ್ಕೊಂಡು ತಾನೇ ನಿಲ್ಸತ್ತೆ ಸಾರ್. ಫುಲ್ ಸ್ಮಾರ್ಟು."

"ಎಲ್ಲಿಯ ಹವಾಮಾನ?"

"ಬೆಂಗಳೂರಿಂದು ಸಾರ್, ಇನ್ನೆಲ್ಲೀದು."

ಅಷ್ಟು ಹೊತ್ತಿಗೆ ನಾನು ಈ ಊರಿನ ಮಳೆಯನ್ನು ಸ್ವಲ್ಪ ಕಂಡಿದ್ದೆ. ನಮ್ಮೂರಲ್ಲಿ ಮಳೆ ಬಂದರೆ ಊರಿಗೆಲ್ಲ ಬರುತ್ತದೆ. ಇಲ್ಲಿ ಬಸವೇಶ್ವರನಗರದಲ್ಲಿ ರಸ್ತೆ ತುಂಬ ನೀರು ಹರಿಯುವಾಗ ಕೆಂಗೇರಿಯಲ್ಲಿ ನಾವು ಬಟ್ಟೆ ಒಣಗಿಸುತ್ತಿರುತ್ತೇವೆ. ಬೆಂಗಳೂರಿಗೆಲ್ಲ ಒಂದೇ ಮಳೆ ಅಂತ ನಂಬಿದರೆ ನಮ್ಮ ಹುಲ್ಲು ಒಣಗುತ್ತದೆ.

"ನಮ್ಮ ಅಂಗಳದ ಮಳೆ ನೋಡೋದು ಇಲ್ವಾ?" ಅಂದೆ.

ಅವನು ಒಳಗಿನಿಂದ ಇನ್ನೊಂದು ತಂದ. ಅದಕ್ಕೆ ಬೆರಳುದ್ದದ ಮಳೆ ಸೆನ್ಸರ್ ಇತ್ತು. ಕಾಂಪೌಂಡಿನ ಮೇಲೆ ಕೂರಿಸಿದರೆ ಅದರೊಳಗಿನ ಬಿಲ್ಲೆ ನೆನೆದು ಊದಿಕೊಂಡು ನೀರು ನಿಲ್ಲಿಸುತ್ತದೆ, ಒಣಗಿದ ಮೇಲೆ ಮತ್ತೆ ಬಿಡುತ್ತದೆ. ಫೋನಿನಿಂದಲೂ ನಡೆಸಬಹುದು, ಪೆಟ್ಟಿಗೆಯ ಮೇಲಿನ ಗುಂಡಿಯಿಂದಲೂ ನಡೆಸಬಹುದು. ನಾನು ಹೊಲಿಗೆ ಮಷೀನು ಕೊಳ್ಳುವಾಗ ನೋಡಿದ್ದೂ ಇದನ್ನೇ. ಕರೆಂಟಲ್ಲೂ ಓಡಬೇಕು, ಕರೆಂಟು ಹೋದರೆ ಕಾಲಲ್ಲೂ ತುಳಿಯುವಂತಿರಬೇಕು. ಇಂಟರ್ನೆಟ್ ಹೋದರೆ ಏನಾಗುತ್ತದೆ, ಕರೆಂಟು ಹೋಗಿ ಬಂದರೆ ಗಂಟೆ ನೆನಪಿಟ್ಟುಕೊಳ್ಳುತ್ತದೆಯೋ ಇಲ್ಲವೋ, ಬಿಸಿಲಿನ ಕಡೆಗೂ ನೆರಳಿನ ಕಡೆಗೂ ಬೇರೆ ಬೇರೆ ಸಮಯ ಇಡಬಹುದೋ, ನೀರು ಬಿಡುವಾಗ, ನಲ್ಲಿ ನೀರು ತುಂಬಿಡುವ ನೆಲದಡಿಯ ಸಂಪಿನ ಮೋಟಾರನ್ನು ಅದೇ ಚಾಲೂ ಮಾಡುತ್ತದೆಯೋ ಎಂದು ಒಂದೊಂದಾಗಿ ಕೇಳಿದೆ. "ಸಾರ್, ಹೆಣ್ಣು ನೋಡೋಕ್ ಬಂದಂಗಿದೆ" ಅಂದ ಅಂಗಡಿಯವನು. ಆದರೂ ಎಲ್ಲಕ್ಕೂ ಉತ್ತರ ಕೊಟ್ಟ. ಅದನ್ನೇ ಆರಿಸಿದೆ.

ಇಂಗ್ಲಿಷಿನ ವಿವರಣೆಯನ್ನು ಗಿರಿಜಾ ಓದಿ ಹೇಳಿದಳು. ಪ್ಲಂಬರು ವೈರು ಎಳೆದು ಕೊಟ್ಟ. ಯಾವ ದಿನ ನೀರು ಬಿಡಬೇಕು ಅಂತ ಫೋನು ಕೇಳಿದಾಗ ನನಗೆ ಯೋಚಿಸುವುದೇ ಬೇಕಾಗಲಿಲ್ಲ. ಚನ್ನಗಿರಿಯಲ್ಲಿ ನೀರು ಬರುವ ದಿನ ಬೆಳಿಗ್ಗೆ ಎಲ್ಲ ಮನೆಯವರೂ ಹಳೆಯ ನೀರನ್ನು ಗಿಡಕ್ಕೆ, ಬೀದಿಗೆ ಚೆಲ್ಲಿ ಕೊಡ ತೊಳೆದು ಇಡುತ್ತಾರೆ. ನಿಂತ ನೀರು ಹಳಸಿದ್ದು, ಹೊಸದು ಬಂದಾಗ ಅದನ್ನು ಕೂಡಿಡಬಾರದು ಅನ್ನುವುದು ನಾವು ಹುಟ್ಟಿನಿಂದ ಕಂಡದ್ದು. ಹಾಗಾಗಿ ಕಾವೇರಿ ಬರುವ ಹಿಂದಿನ ದಿನ ಸಂಜೆ ಸಂಪಿನಲ್ಲಿ ಉಳಿದದ್ದೆಲ್ಲ ಹುಲ್ಲಿಗೆ ಹೋಗಲಿ ಅಂತ ಇಟ್ಟೆ. ಶಾರದಮ್ಮನನ್ನೂ ಕೇಳಿದೆ.

"ಸರಿಯಾಗಿದೆ" ಅಂದರು. "ಹಳೇ ನೀರಿನ ಮೇಲೆ ಹೊಸದು ಯಾಕೆ ಬಿಡ್ಬೇಕು?"

ಮೊದಲ ಸಲವೇ ಪೆಟ್ಟಿಗೆ ಹೇಳಿದ ಹಾಗೆ ಕೇಳಿತು. ಸಂಪು ತಳ ಕಾಣುವ ತನಕ ನೀರು ಬಿಟ್ಟಿತು. ಮರುದಿನ ಕಾವೇರಿ ಬರಲಿಲ್ಲ. ಎಲ್ಲೋ ದೊಡ್ಡ ಪೈಪಿನ ರಿಪೇರಿ ಅಂತೆ. ಸೂಚನೆ ವಾಟ್ಸಾಪಿಗೆ ಬಂದಿತ್ತು, ಆದರೆ ವಿಡಿಯೋ ಗಲಾಟೆಯಾದ ಮೇಲೆ ಶಾರದಮ್ಮ ಆ ಗುಂಪನ್ನು ತೆರೆಯುವುದನ್ನೇ ಬಿಟ್ಟಿದ್ದರು. ನಲ್ಲಿ ತಿರುಗಿಸಿದರೆ ಗಾಳಿ. ಗಿರಿಜಾ ಡ್ಯೂಟಿಗೆ ಹೊರಡಲು ಮುಖ ತೊಳೆಯಲೂ ನೀರಿಲ್ಲ. ಯೋಗಕ್ಕೆ ಬಂದವರ ಚಾಪೆಗಳು ಕೆಸರಲ್ಲಿ ಪಚಪಚ ಅಂದವು.

"ಏನು ಶಾರದಾ, ಇವತ್ತು ಈಜೋ ಕ್ಲಾಸಾ?" ಅಂದರು ಅವರಲ್ಲೊಬ್ಬರು.

ಟ್ಯಾಂಕರಿಗೆ ಹೇಳಲು ಶಾರದಮ್ಮ ನವೀನನಿಗೆ ಫೋನು ಮಾಡಲೇಬೇಕಾಯಿತು. ಅವನು ಟ್ಯಾಂಕರಿನ ಹಿಂದೆಯೇ ಬಂದು, ಕೆಸರನ್ನೂ ಖಾಲಿ ಸಂಪನ್ನೂ ನೋಡಿದ.

"ನಾನು ಹೇಳ್ಲಿಲ್ವಾ? ಊರಿಂದ ಬಂದೋರ ಕೈಗೆ ಕೊಟ್ರೆ ಹಿಂಗೇ. ಇನ್ನು ಟೈಲ್ಸೇ."

"ನಾನೂ ಹೂಂ ಅಂದಿದ್ದೆ ಕಣೋ" ಅಂದರು ಶಾರದಮ್ಮ. "ಬೈಯೋದಾದ್ರೆ ನನ್ನನ್ನೂ ಬೈಯಿ."

ಅವರು ಹಾಗೆ ಅಂದದ್ದರಿಂದ ನನಗೆ ಬಾಯಿ ಬಂತು. "ತಪ್ಪು ನಂದು ನವೀನ್. ಪೆಟ್ಟಿಗೇದಲ್ಲ. ನಮ್ಮೂರ ಲೆಕ್ಕ ಇಲ್ಲಿ ಹಾಕ್ದೆ. ನಮ್ಮಲ್ಲಿ ನಲ್ಲಿ ಬರ್ಲಿಲ್ಲ ಅಂದ್ರೆ ಬೀದಿ ಬಾವಿ ಐತೆ, ಪಕ್ಕದ ಮನೆ ತೊಟ್ಟಿ ಐತೆ. ಇಲ್ಲಿ ಸಂಪು ಬಿಟ್ರೆ ಏನೂ ಇಲ್ಲ ಅಂತ ಈಗ ಗೊತ್ತಾಯ್ತು. ಈ ಬೇಸಿಗೆ ಒಂದು ನೋಡ್ರಿ. ಹುಲ್ಲಿಗೋಸ್ಕರ ಇನ್ನೊಂದು ಟ್ಯಾಂಕರ್ ಬಂದ್ರೆ ನಾನೇ ಮನೆ ಖಾಲಿ ಮಾಡ್ತೀನಿ."

ಒಳಗೆ ಬಂದ ಮೇಲೆ ಗಿರಿಜಾ ಕೇಳಿದಳು: "ಖಾಲಿ ಮಾಡಿ ಎಲ್ಲಿಗ್ರೀ ಹೋಗೋದು?"

"ಹೋಗೋ ಪ್ರಸಂಗ ಬರಲ್ಲ" ಅಂದೆ. ನನಗೆ ನಿಜಕ್ಕೂ ಹಾಗೇ ಅನಿಸಿತ್ತು. ಹೊಲಿಗೆಯಲ್ಲಿ ಒಂದು ಸಲ ತಪ್ಪು ಕತ್ತರಿಸಿದವನು ಎರಡನೇ ಬಟ್ಟೆಯಲ್ಲಿ ತಪ್ಪುವುದಿಲ್ಲ.

ಪ್ಯಾಂಟು ಹೊಲಿಯುವಾಗ ನಾವು ಒಳಗೆ ಬಟ್ಟೆ ಬಿಡುತ್ತೇವೆ, ಮುಂದೆ ಸೊಂಟ ದಪ್ಪವಾದರೆ ಬಿಚ್ಚಲು ಇರಲಿ ಅಂತ. ಸಂಪಿಗೂ ಅದನ್ನೇ ಮಾಡಿಸಿದೆ. ಪ್ಲಂಬರನ್ನು ಕರೆಸಿ, ನೀರು ಅರ್ಧಕ್ಕಿಂತ ಕೆಳಗಿಳಿದರೆ ಹುಲ್ಲಿನ ಮೋಟಾರು ಓಡದಂತೆ ಒಂದು ತೇಲುವ ಸ್ವಿಚ್ಚು ಹಾಕಿಸಿದೆ. ಕೆಳಗಿನ ಅರ್ಧ ಮನೆಯವರದು. ನೀರು ಬಿಡುವ ದಿನವನ್ನೂ ಬದಲಾಯಿಸಿದೆ. ಕಾವೇರಿ ಬಂದು ಸಂಪು ತುಂಬಿದ ಮೇಲೆಯೇ, ಅದೂ ಬಿಸಿಲು ಏಳುವ ಮುಂಚೆ. ದಿನಾ ಸ್ವಲ್ಪ ಸ್ವಲ್ಪ ಚಿಮುಕಿಸುವ ಬದಲು ಬಿಟ್ಟು ಬಿಟ್ಟು, ಬೇರಿನ ತನಕ ಇಳಿಯುವಷ್ಟು. ಅಕ್ಕಿ, ಬೇಳೆ ತೊಳೆದ ನೀರನ್ನು ಗಿರಿಜಾ ತಾನಾಗಿಯೇ ಅಂಚಿನ ಹುಲ್ಲಿಗೆ ಹಾಕತೊಡಗಿದಳು. ಯೋಗದ ಹೆಂಗಸರು ತಮ್ಮ ಬಾಟಲಿಯಲ್ಲಿ ಉಳಿದದ್ದನ್ನೂ ಹುಲ್ಲಿಗೇ ಸುರಿದು ಹೋಗುತ್ತಿದ್ದರು. "ಟೈಲರ್ ಮನೆ ಉಳೀಲಪ್ಪ" ಅಂತ ತಮಾಷೆ ಬೇರೆ.

ಬೇಸಿಗೆ ಕಳೆಯಿತು. ನೀರು ಕಡಿಮೆಯಾದ ವಾರಗಳಲ್ಲಿ ಪೆಟ್ಟಿಗೆ ಹುಲ್ಲಿಗೆ ಬಿಡಲೇ ಇಲ್ಲ. ಗೇಟಿನ ಪಕ್ಕದ ಹುಲ್ಲು ಕಂದಿತು, ಒಂದು ಮೂಲೆ ಬೋಳಾಯಿತು. ಉಳಿದದ್ದು ಉಳಿಯಿತು. ಟ್ಯಾಂಕರು ಬರಲಿಲ್ಲ. ಮೊದಲ ಮಳೆಯ ದಿನ ನಾವೆಲ್ಲ ವರಾಂಡದಲ್ಲಿ ನಿಂತು ಕಾದೆವು. ಕೊಳವೆಗಳ ಸಮಯ ಬಂತು, ಹೋಯಿತು, ಒಂದೂ ತಲೆ ಎತ್ತಲಿಲ್ಲ. ಎದುರು ಮನೆಯವರು ಈ ಸಲವೂ ಫೋನು ಹಿಡಿದು ಕಿಟಕಿಯಲ್ಲಿ ನಿಂತಿದ್ದರು. ಸ್ವಲ್ಪ ಹೊತ್ತು ನೋಡಿ ಕಿಟಕಿ ಹಾಕಿಕೊಂಡರು. ಈ ಊರಿನಲ್ಲಿ ಅಷ್ಟು ಸಂತೋಷ ನನಗೆ ಅಲ್ಲಿಯ ತನಕ ಆಗಿರಲಿಲ್ಲ.

ನವೀನ್ ಬಂದು ಹುಲ್ಲಿನ ಮೇಲೆ ಚಪ್ಪಲಿ ಬಿಟ್ಟು ನಡೆದ. "ಹುಲ್ಲು ಓಕೆ. ಆದ್ರೂ ಕಾರಿಗೆ ಜಾಗ?" ಅಂದ.

"ಮನೆ ಇನ್ನೂ ನನ್ನ ಹೆಸರಲ್ಲಿದೆ ಕಣೋ" ಅಂದರು ಶಾರದಮ್ಮ. "ಹುಲ್ಲೂ ಇರತ್ತೆ, ಹಾಲೇಶೂ ಇರ್ತಾರೆ. ನಿನ್ನ ಕಾರು ಮಳೇಲಿ ನೆಂದ್ರೆ ತೊಳೆಯೋ ಕೆಲ್ಸ ತಪ್ಪತ್ತೆ."

ಅವನು ನಕ್ಕುಬಿಟ್ಟ. ಹೋಗುವಾಗ ಸೀಟಿನ ಕವರು ಹರಿದಿದೆ, ಹೊಲಿಯುತ್ತೀರಾ ಅಂತ ನನ್ನನ್ನು ಕೇಳಿದ. ತಂದುಕೊಡು ಅಂದೆ.

ನಾಗರ ಪಂಚಮಿಗೆ ಚನ್ನಗಿರಿಗೆ ಹೋದೆ. ಅಣ್ಣ ಬಸವರಾಜನ ಮನೆಯಲ್ಲಿ ಊಟಕ್ಕೆ ಕೂತಿದ್ದಾಗ ಶಾರದಮ್ಮ ಫೋನು ಮಾಡಿದರು.

"ಏನಿಲ್ಲ ಹಾಲೇಶ್. ಇಲ್ಲಿ ಜೋರು ಮಳೆ, ಪೆಟ್ಟಿಗೆ ತೆಪ್ಪಗೆ ಕೂತಿದೆ. ಹೇಳೋಣ ಅಂತ ಮಾಡ್ದೆ. ಯಾವಾಗ ಬರ್ತೀರಾ?"

"ನಾಳೆ ಸಂಜೆಗೆ ಮನೇಲಿರ್ತೀನಮ್ಮ" ಅಂದು ಇಟ್ಟೆ.

ಅಣ್ಣ ತುತ್ತು ಕೈಯಲ್ಲೇ ಹಿಡಿದು ನನ್ನನ್ನೇ ನೋಡಿದ. "ಅದು ಮನೆಯಾದ್ರೆ ಇದೇನಲೇ?"

ನಾನು ನಕ್ಕೆ, ಅವನೂ ನಕ್ಕ. ಎರಡೂ ಮನೆಯೇ ಅನ್ನಬೇಕು ಅಂತಿದ್ದೆ. ಅಷ್ಟರಲ್ಲಿ ಅತ್ತಿಗೆ ಬಂದು ಕೇಳದೆಯೇ ನನ್ನ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿದರು. ಅವರು ಮನೆಯವರಿಗೆ ರೊಟ್ಟಿಯ ಬುಟ್ಟಿಯನ್ನೇ ಮುಂದಕ್ಕೆ ತಳ್ಳುತ್ತಾರೆ. ಕೇಳದೆ ಬಡಿಸುವುದು ನೆಂಟರಿಗೆ ಮಾತ್ರ.