ಮೌನದ ತಾರಸಿಗಳ ನಡುವೆ ಡಾ. ಇನ್ಸಾಫ್ ಷೆನ್ನಾವಿ

ನೈಲ್ ನದಿ ಕವಲೊಡೆದು ಕಡಲಿಗಿಳಿಯುವ ನಾಡಿನಲ್ಲಿ ಪಶುವೈದ್ಯರಿಗೇನೂ ಬರವಿಲ್ಲ. ಆದರೆ ಹಕ್ಕಿಜ್ವರದ ಮಾತು ಬಂದರೆ ಮನ್ಝಲಾ ಸರೋವರದ ಸುತ್ತಿನ ಹೆಂಗಸರು ನೆನೆಯುವುದು ಈಗ ನಿವೃತ್ತರಾಗುತ್ತಿರುವ ಡಾ. ಇನ್ಸಾಫ್ ಷೆನ್ನಾವಿ ಅವರನ್ನೇ.

ಎಮ್ಮೆಗಳ ಹೆರಿಗೆ ಮಾಡಿಸುತ್ತ ಹಳ್ಳಿಗಳಲ್ಲಿ ಹೆಸರಾದವರು ಅವರು. ಹಕ್ಕಿಜ್ವರ ಕಾಲಿಟ್ಟ ಚಳಿಗಾಲದಲ್ಲಿ, ಸಾಕುಹಕ್ಕಿಗಳನ್ನು ಕೊಂದು ಹೂಳುವ ತಂಡದ ಮುಂದಾಳಾಗಬೇಕಾಯಿತು. ಅಂದಿನಿಂದ ಅದೇ ಹಳ್ಳಿಗಳು ಅವರನ್ನು ಕಂಡೊಡನೆ 'ಗೂಬೆ ಬಂತು' ಎಂದು ಕದ ಹಾಕಿಕೊಂಡವು.

ಕಫ್ರ್ ಷಿಹಾಬ್ ಎಂಬ ಹಳ್ಳಿಗೆ ಅವರು ಹೋದ ದಿನ ಹಾಡುಹಗಲಿನಲ್ಲೂ ಒಂದು ಕೋಳಿಯ ದನಿ ಇರಲಿಲ್ಲ. ಮನೆಮನೆಯವರೂ ಕೋಳಿ, ಬಾತು ಸಾಕುವ ತಾರಸಿಗಳ ಮೇಲೆ ಪುಕ್ಕಗಳಷ್ಟೇ ತಾವಾಗಿ ಹೊರಳುತ್ತಿದ್ದವು. ವಿಧವೆ ಉಮ್ಮ್ ವಗ್ದಿ ಬಾಗಿಲಿಗೆ ಅಡ್ಡ ನಿಂತಳು.

"ನಮ್ಮನೇಲಿ ಹಕ್ಕಿನೂ ಇಲ್ಲ, ಪುಕ್ಕನೂ ಇಲ್ಲ. ಬಂದ ದಾರಿ ಹಿಡಿ ಡಾಕ್ಟ್ರಮ್ಮ. ನೀನು ಬಂದ ಮೇಲೇ ಈ ಊರಿಗೆ ಸಾವು ಬಂದಿದ್ದು!"

ಒಳಗಿನಿಂದ ಕೆಮ್ಮು ಕೇಳಿಸಿತು. ಇನ್ಸಾಫ್ ಅವರು ಆಕೆಯನ್ನು ದಾಟಿ ಒಳಗೆ ನಡೆದರು. ಕತ್ತಲ ಕೋಣೆಯ ಮಂಚದ ಮೇಲೆ ಸೊಸೆ ಸಮಾಹ್ ಜ್ವರದಲ್ಲಿ ಏದುಸಿರು ಬಿಡುತ್ತಿದ್ದಳು. ನಾಡಿ ನೋಡಲು ಬಾಗಿದಾಗ ಮಂಚದ ಕೆಳಗೆ ಕಣ್ಣುಗಳು ಹೊಳೆದವು. ಬಾತುಕೋಳಿಗಳು ಒತ್ತೊತ್ತಾಗಿ ನಿಂತಿದ್ದವು. ಒಂದೂ ಕೂಗಲಿಲ್ಲ, ಒಂದೂ ಅಲುಗಲಿಲ್ಲ. ನುಣುಪಾಗಿ, ಮೈತುಂಬಿಕೊಂಡು, ಕಾಯುತ್ತಿರುವಂತೆ ನಿಂತಿದ್ದವು. ಬಾತುಗಳು ತಾವು ನಲುಗದೆಯೂ ಈ ರೋಗವನ್ನು ಹೊತ್ತು ತಿರುಗಬಲ್ಲವೆಂದು ಇನ್ಸಾಫ್ ಅವರಿಗೆ ಗೊತ್ತಿತ್ತು.

"ಅವಕ್ಕೇನಾಗಿದೆ, ಹೇಳು? ಗುಂಡುಕಲ್ಲಿನ ಹಾಗಿವೆ!" ಎಂದಳು ಮುದುಕಿ.

"ಬಾತಿನ ಮಾತು ಆಮೇಲೆ, ತಾಯಿ. ಮೊದಲು ಸೊಸೆ ಉಳೀಬೇಕು. ಆಸ್ಪತ್ರೇಲಿ 'ಹಕ್ಕಿ ಮುಟ್ಟಿದ್ರಾ' ಅಂತ ಕೇಳ್ತಾರೆ. ಇಲ್ಲ ಅಂದ್ರೆ ಶೀತದ ಮಾತ್ರೆ ಕೊಟ್ಟು ಮನೆಗೆ ಕಳಿಸಿಬಿಡ್ತಾರೆ. ಇದರ ಔಷಧಿ ತಡವಾದ್ರೆ ನಾಟಲ್ಲ."

ಇನ್ಸಾಫ್ ಅವರು ತಮ್ಮ ವಾಹನದಲ್ಲೇ ಇಬ್ಬರನ್ನೂ ಆಸ್ಪತ್ರೆಗೆ ಕರೆದೊಯ್ದರು. ಅಲ್ಲಿನ ವೈದ್ಯರು ಅದೇ ಪ್ರಶ್ನೆ ಕೇಳಿದರು. ಸಮಾಹ್ ಅತ್ತೆಯ ಮುಖ ನೋಡಿ, ಇಲ್ಲವೆಂದು ತಲೆಯಾಡಿಸಿದಳು. ಇನ್ಸಾಫ್ ಅವರು ಬಾಯಿ ತೆರೆಯುವಷ್ಟರಲ್ಲಿ ಮುದುಕಿಯೇ ಗೋಡೆಗೆ ಕೈಯೂರಿ ನುಡಿದಳು:

"ಸುಳ್ಳು. ಸಾಯ್ತಿದ್ದ ಕೋಳಿ ಕೊಯ್ದು ಪುಕ್ಕ ಕಿತ್ತಿದ್ದು ಅವಳು. ದಂಡ ಆಗಬಾರದು, ಉಸಿರು ಹೋಗೋದ್ರೊಳಗೆ ಕೊಯ್ಯಿ ಅಂದಿದ್ದು ನಾನು."

ಸಮಾಹ್ ಬದುಕಿದಳು. ಪರೀಕ್ಷೆಯಲ್ಲಿ ಆ ಬಾತುಗಳಲ್ಲೂ ರೋಗ ಕಂಡಿತು. ಅವುಗಳನ್ನು ಒಯ್ದ ದಿನ ಇನ್ಸಾಫ್ ಅವರು ಬೇರೆಲ್ಲಿಗೂ ಹೋಗದೆ, ಬರಿದಾದ ತಾರಸಿಯ ಮೇಲೆ ಮುದುಕಿಯ ಪಕ್ಕ ಕುಳಿತು, ಆಕೆ ಕೊಟ್ಟ ಚಹಾ ಕುಡಿದರು. ಮರುವಾರದಿಂದ ಉಮ್ಮ್ ವಗ್ದಿಯೇ ಅವರ ಮುಂದೆ ನಡೆದು ಕದಗಳನ್ನು ತಟ್ಟಿದಳು: "ತೆಗೀರೇ, ಬಚ್ಚಿಟ್ಟಿದ್ರೆ ಹೇಳ್ರೇ, ನಾನೂ ಬಚ್ಚಿಟ್ಟೋಳೇ!"

ಪ್ರತಿ ಚಳಿಗಾಲವೂ ಬಡಗಣ ದೇಶಗಳ ಹಕ್ಕಿಗಳು ಮುಸ್ಸಂಜೆಯ ಮಂಜಿನಲ್ಲಿ ಸದ್ದಿಲ್ಲದೆ ಸರೋವರಕ್ಕೆ ಇಳಿಯುತ್ತವೆ. ಅವುಗಳ ಜೊತೆ ಇನ್ನೇನು ಇಳಿಯುತ್ತದೆಂದು ಹೇಳಬಲ್ಲವರಿಲ್ಲ. ಇನ್ನು ಕಚೇರಿಯ ಹಂಗಿಲ್ಲದೆ ಹಳ್ಳಿಯ ಹೆಣ್ಣುಮಕ್ಕಳಿಗೆ ಪಾಠ ಹೇಳಲು ಹೊರಟಿರುವ ಇನ್ಸಾಫ್ ಅವರಿಗೆ ದೇವರು ನೂರ್ಕಾಲ ಆಯುಸ್ಸು ಕೊಡಲಿ. ಆ ರೆಕ್ಕೆಗಳು ಬಂದಿಳಿಯುವ ಪ್ರತಿ ಸಂಜೆಯೂ ನಮಗಿಂತ ಮೊದಲೇ ಅವರು ದಡದಲ್ಲಿ ನಿಂತಿರಲಿ.