ನನ್ನ ತಲೆಯ ಗಂಧ

ನನ್ನ ಅಣ್ಣ ಕುಡಿಯುತ್ತಿದ್ದ. ಬಿಳಿಗೆರೆ ಪಕ್ಕದ ನಮ್ಮೂರಿಗೆಲ್ಲ ಅದು ನಾಚಿಕೆಯ ಸಂಗತಿ, ನನಗೆ ಹೊಟ್ಟೆಕಿಚ್ಚಿನ ಸಂಗತಿ. ನರಸೀಪುರದ ದಾರಿಯ ಅಂಗಡಿಯಲ್ಲಿ ಈಚಲ ಹೆಂಡ ಕುಡಿದು ತೂರಾಡುತ್ತ ಬಂದವನಿಗೆ ಅವ್ವ ಬಿಸಿನೀರು ಕಾಯಿಸಿ ಕಾಲು ತೊಳೆಯುವಳು, ಎತ್ತಿಟ್ಟ ಗಟ್ಟಿ ಮೊಸರು ಉಣ್ಣಿಸುವಳು, ವಾಂತಿ ಮಾಡಿದರೆ ಬೆನ್ನು ನೀವುವಳು. ಸಗಣಿ ಬಾಚಿ, ನೀರು ಹೊತ್ತು, ರಾಗಿ ಬೀಸುತ್ತಿದ್ದ ನನಗೆ ನೀರು ಮಜ್ಜಿಗೆ! ಈಗ ನನ್ನ ಬಾಯಲ್ಲಿ ಹಲ್ಲಿಲ್ಲ. ಆದರೂ ಆ ಮೊಸರು ನೆನೆದರೆ ಹೊಟ್ಟೆ ಉರಿಯುತ್ತದೆ.

ನನ್ನ ಪಾಲಿಗೆ ಇದ್ದದ್ದು ಸೊಂಟ ದಾಟಿ ಇಳಿದ ಜಡೆ ಒಂದೇ. ಶನಿವಾರ ಅವ್ವ ಜಗಲಿ ಮೇಲೆ ನನ್ನನ್ನು ಕೂರಿಸಿಕೊಂಡು ಹರಳೆಣ್ಣೆ ತಟ್ಟಿ, ಸಿಕ್ಕು ಬಿಡಿಸಿ ಹೆಣೆಯುವಳು. ಅಷ್ಟು ಹೊತ್ತು ಅವಳು ನನ್ನವಳು. ಅಣ್ಣ ಬಂದನೆಂದರೆ ಅರ್ಧ ಜಡೆ ಬಿಟ್ಟು ಎದ್ದುಬಿಡುತ್ತಿದ್ದಳು, ಅದು ಬೇರೆ ಮಾತು.

ಒಂದು ಸಲ ಅವನು ಕುಡಿದು ಕಾಲುವೆಗೆ ಬಿದ್ದು ಸಾಯುವಂತಾದಾಗ ಅವ್ವ ನಂಜನಗೂಡಿನ ದಿಕ್ಕಿಗೆ ಕೈಮುಗಿದಳು. “ನನ್ ಮಗ ಹೆಂಡ ಬುಟ್ರೆ ಇವ್ಳ ಮುಡಿ ಕೊಡ್ತೀನಿ ಕಣಪ್ಪಾ ನಂಜುಂಡಪ್ಪ!”

ನನಗೆ ಮೈಯೆಲ್ಲ ಉರಿದುಹೋಯಿತು. “ಕುಡಿಯೋನು ಅವ್ನು, ಅವ್ನ್ ತಲೇನೇ ಬೋಳ್ಸು. ಇಲ್ದಿದ್ರೆ ನಿಂದು ಕೊಡು” ಎಂದೆ.

“ಮುತ್ತೈದೆ ತಲೆ ಬೋಳ್ಸ್ಕಬಾರ್ದು ಕಣ್ ಕೂಸೆ. ಅವನ್ದು ಗೇಣುದ್ದ ಕೂದ್ಲು, ಅದ್ನ ದ್ಯಾವ್ರು ಏನ್ ಮಾಡ್ಕತ್ತಾನೆ? ಪಿರೂತಿ ಇರೋದ್ನ ಕೊಡ್ಬೇಕು.”

ಅಣ್ಣ ಕುಡಿಯುವುದನ್ನು ಬಿಟ್ಟ. ಹೊತ್ತಿಗೆ ಸರಿಯಾಗಿ ಹೊಲಕ್ಕೆ ಹೋಗತೊಡಗಿದ. ಊರೇ ಅವನನ್ನು ಹೊಗಳಿತು. ಹುಟ್ಟಿದಾಗಿನಿಂದ ಕುಡಿಯದಿದ್ದ ನನ್ನನ್ನು ಒಬ್ಬರೂ ಹೊಗಳಲಿಲ್ಲ. ಹರಕೆ ತೀರಿಸುವ ದಿನ ನಾನು ಮೊಂಡು ಹಿಡಿದು ಕೂತೆ. ಅವ್ವ ಗಂಧದ ಕೊರಡು ತೋರಿಸಿದಳು. “ತಲೆ ಉರೀದಂಗೆ ನಾನೇ ತೇದು ನನ್ ಕೈಯಾರೆ ಹಚ್ತೀನಿ, ಬಾ ಮಗ.” ಆ ಕೈಯ ಆಸೆಗೆ ಗಾಡಿ ಹತ್ತಿದೆ.

ಕಪಿಲೆಯ ದಡದಲ್ಲಿ ಕ್ಷೌರದವನ ಮುಂದೆ ತಲೆ ಬಗ್ಗಿಸಿ ಕೂತೆ. ಜಡೆ ಮಡಿಲಿಗೆ ಬಿತ್ತು. ಹೊಳೆಯಲ್ಲಿ ಮುಳುಗೆದ್ದು ಬಂದಾಗ ಬೋಳು ತಲೆ ಚುರುಚುರು ಅನ್ನುತ್ತಿತ್ತು. ಅವ್ವ ಸಾಣೆಕಲ್ಲಿನ ಮೇಲೆ ತೇದ ಗಂಧವನ್ನು ಅಂಗೈ ತುಂಬ ಬಳಿದುಕೊಂಡು “ಬಾ” ಎಂದಳು.

ಅಷ್ಟರಲ್ಲಿ ಎತ್ತಿಗೆ ನೀರು ಕುಡಿಸಲು ಹೋಗಿದ್ದ ಅಣ್ಣ ಮೆಟ್ಟಿಲ ಮೇಲೆ ಕಾಣಿಸಿಕೊಂಡ. ಹೆಂಡದ ಹುಳಿ ವಾಸನೆ ಅವನಿಗಿಂತ ಮೊದಲೇ ಬಂತು. ನನ್ನ ತಲೆ ನೋಡಿದ, ಏನೋ ಹೇಳಲು ಹೋದ, ಕುಸಿದು ಕೂತ.

“ಅಯ್ಯೋ ನನ್ನಪ್ಪಾ, ಮೈ ಕೆಂಡ ಆಗದಲ್ಲೋ!” ಅವ್ವ ಓಡಿಹೋಗಿ ಅಂಗೈಯ ಗಂಧವನ್ನೆಲ್ಲ ಅವನ ಹಣೆಗೆ, ನೆತ್ತಿಗೆ, ಎದೆಗೆ ಬಳಿದಳು.

“ಅವ್ವಾ, ನಂಗೆ?” ಎಂದೆ.

“ನೀನ್ ಗಟ್ಟಿಗಿತ್ತಿ ಕಣವ್ವ, ನಿಂಗೇನಾಗದೆ?” ಎಂದಳು. ತಿರುಗಿಯೂ ನೋಡಲಿಲ್ಲ.

ಸಾಣೆಕಲ್ಲಿನ ಮೇಲೆ ಒಂದಿಷ್ಟು ಗಂಧ ಉಳಿದಿತ್ತು. ಬೆರಳಲ್ಲಿ ಬಳಿದು ನಾನೇ ಹಚ್ಚಿಕೊಂಡೆ. ನೆತ್ತಿಯವರೆಗೆ ಬರಲಿಲ್ಲ.