ವದಿನಮ್ಮನ ರೇಷ್ಮೆ ಜೋಳಿಗೆ

ಕಳೆದ ವಾರ ರಗ್ಗುಗಳನ್ನು ಬಿಸಿಲಿಗೆ ಹಾಕೋಣವೆಂದು ಟ್ರಂಕು ತೆಗೆದೆ. ನುಸಿಗುಳಿಗೆಯ ಘಾಟಿನ ಅಡಿಯಿಂದ ಇನ್ನೊಂದು ವಾಸನೆ ಎದ್ದು ಬಂತು. ಮಗ್ಗದ ಮನೆಗಳಲ್ಲಿ ಇರುತ್ತದಲ್ಲ, ರೇಷ್ಮೆಯದ್ದು, ಗಂಜಿಯದ್ದು, ಸ್ವಲ್ಪ ಹುಳಿಹುಳಿಯಾಗಿ... ಅಂಥದ್ದು. ರಗ್ಗುಗಳನ್ನೆಲ್ಲ ಎತ್ತಿ ಮಂಚದ ಮೇಲೆ ಹಾಕಿದೆ. ತಳದಲ್ಲಿ ಅಂಗೈಯಗಲಕ್ಕೆ ಮಡಚಿಟ್ಟ ಜೋಳಿಗೆ. ನವಿಲುಗರಿ ಬಣ್ಣ, ಅಂಚಿನ ಜರಿ ಕಪ್ಪಿಟ್ಟಿದೆ. ಹಸುಗೂಸನ್ನು ಒಳಗೆ ಮಲಗಿಸಿ, ತಕ್ಕಡಿಯ ಕೊಕ್ಕೆಗೆ ನೇತುಹಾಕಿ ತೂಗುವ ಜೋಳಿಗೆ ಅದು. ಹೊಲಿದವಳು ನಾನಲ್ಲ. ಹೊಲಿದವರನ್ನು ಕಂಡರೆ ನನಗೆ ಎಷ್ಟೋ ವರ್ಷ ಹೊಟ್ಟೆಕಿಚ್ಚಿತ್ತು.

ಅವರನ್ನು ಎಲ್ಲರೂ ವದಿನಮ್ಮ ಅನ್ನುತ್ತಿದ್ದರು. ತೆಲುಗಿನಲ್ಲಿ ಅತ್ತಿಗೆ ಅಂತ. ಮೊದಲು ಯಾರಿಗೆ ಅತ್ತಿಗೆಯಾಗಿದ್ದರೋ ಗೊತ್ತಿಲ್ಲ, ನಾನು ನೋಡುವ ಹೊತ್ತಿಗೆ ಮೊಳಕಾಲ್ಮೂರಿನ ನೇಕಾರರ ಬೀದಿಗೆಲ್ಲ ಅತ್ತಿಗೆ. ನಾವಿಬ್ಬರೂ ಆಶಾ ಕಾರ್ಯಕರ್ತೆಯರು. ಮನೆಮನೆಗೆ ಹೋಗಿ ಬಸುರಿ ಬಾಣಂತಿಯರನ್ನು ವಿಚಾರಿಸೋದು, ಕೂಸುಗಳ ತೂಕ ಬರೆದುಕೊಳ್ಳೋದು, ಲಸಿಕೆಗೆ ಕರೆತರೋದು ನಮ್ಮ ಕೆಲಸ. ನೇಕಾರರ ಬೀದಿ ಅವರದು, ಅದರ ಹಿಂದಿನ ಓಣಿಗಳು ನನ್ನವು. ನಾನು ಚಳ್ಳಕೆರೆಯಿಂದ ಸೊಸೆಯಾಗಿ ಬಂದವಳು. ಅದಕ್ಕೇ ಅವರು ನನ್ನನ್ನು ಹೆಸರು ಹಿಡಿದು ಕರೆದದ್ದೇ ಇಲ್ಲ. "ಏನಮ್ಮಾ ಚಳ್ಳಕೆರೆ, ತಿಂಡಿ ಆಯ್ತಾ?" ಅಂತ ಬೀದಿಯ ಆ ತುದಿಯಿಂದಲೇ ಕೂಗುತ್ತಿದ್ದರು.

ನಮಗೆ ಕೊಡುತ್ತಿದ್ದ ಗುಲಾಬಿ ಸೀರೆ ಒಂದೇ ಗಂಟಿನದು. ನಾನು ಉಟ್ಟರೆ ಮಧ್ಯಾಹ್ನದೊಳಗೆ ಮುದುಡಿ ಮೂಟೆಯಾಗುತ್ತಿತ್ತು. ಅವರು ಮಗ್ಗದ ಮನೆಯವರು, ಗಂಜಿಯ ಹದ ಬಲ್ಲವರು. ಸಂಜೆ ಆರಕ್ಕೂ ಅವರ ನೆರಿಗೆ ನೆಟ್ಟಗೆ ನಿಂತಿರುತ್ತಿತ್ತು. ನಾನು ಬಾಗಿಲಿಗೆ ಹೋದರೆ "ಬಂದ್ರಾ, ಕೂತ್ಕೊಳ್ರಿ" ಅನ್ನುವವರು, ವದಿನಮ್ಮ ಹೋದರೆ ಒಲೆ ಮೇಲೆ ಟೀ ಇಟ್ಟೇ ಬಿಡುತ್ತಿದ್ದರು. ನಮ್ಮ ಯಜಮಾನರೂ ಅಷ್ಟೆ. ನಾನು ಏನು ಹೇಳಿದರೂ "ಇದಕ್ಕೆ ವದಿನಮ್ಮ ಏನಂದ್ರು?" ಅಂತ ಒಂದು ಮಾತು. ಒಮ್ಮೆ ಸಾರಿಗೆ ಉಪ್ಪು ಕಮ್ಮಿ ಅಂದಾಗ, "ಹೋಗಿ ವದಿನಮ್ಮನ್ನ ಕೇಳ್ಕೊಂಬರ್ರಿ" ಅಂದಿದ್ದೆ.

ನಗು ಬರುತ್ತದೆ ಈಗ. ಆಗ ಬರುತ್ತಿರಲಿಲ್ಲ.

ನಮ್ಮಿಬ್ಬರ ಜಗಳ ಸೀರೆಯದ್ದಲ್ಲ, ಸಂಘದ್ದು. ನಮಗೆ ಸಂಬಳ ಅಂತ ಇರಲಿಲ್ಲ, ಗೌರವಧನ. ಅದೂ ಬಂದಾಗ ಬಂತು. ವದಿನಮ್ಮ ನಮ್ಮ ತಾಲೂಕಿನಲ್ಲಿ ಸಂಘ ಕಟ್ಟಿದರು. ದೇವಸಮುದ್ರದಿಂದ, ರಾಂಪುರದಿಂದ ಹೆಣ್ಣುಮಕ್ಕಳು ಬಸ್ಸು ಹತ್ತಿ ಬಂದು ಅವರ ಮನೆಯ ಜಗಲಿಯಲ್ಲಿ ಕೂರುತ್ತಿದ್ದರು. ನಾನು ಹೋಗುತ್ತಿರಲಿಲ್ಲ. ನಮ್ಮಪ್ಪ ಚಳ್ಳಕೆರೆಯ ಎಣ್ಣೆ ಮಿಲ್ಲಿನಲ್ಲಿ ಹಮಾಲಿ. ನಾನು ಏಳನೇ ಕ್ಲಾಸಿನಲ್ಲಿದ್ದಾಗ ಅಲ್ಲಿ ಮುಷ್ಕರವಾಯಿತು, ಮಾಲೀಕ ಬೀಗ ಹಾಕಿದ, ಆ ಬೀಗ ಮತ್ತೆ ತೆಗೆಯಲಿಲ್ಲ. ಅಪ್ಪ ಆಮೇಲೆ ಶೇಂಗಾ ಮೂಟೆ ಹೊರಲು ಊರೂರು ಅಲೆದ. ಸಂಘ ಅಂದರೆ ನನ್ನ ಕಣ್ಣಿಗೆ ಕಾಣುತ್ತಿದ್ದದ್ದು ಆ ಬೀಗವೇ.

ಇನ್ನೊಂದು ಜಗಳ ಆರೋಗ್ಯ ಕಾರ್ಡಿನದು. ಯಜಮಾನರ ಹೃದಯದ ಆಪರೇಷನ್ ಕಾರ್ಡಿನ ಮೇಲೇ, ದೊಡ್ಡ ಖಾಸಗಿ ಆಸ್ಪತ್ರೆಯಲ್ಲಿ ಆಗಿತ್ತು. ನಾನು ಆ ಕಾರ್ಡನ್ನು ದೇವರ ಫೋಟೋ ಹಿಂದೆ ಇಟ್ಟಿದ್ದೆ. ವದಿನಮ್ಮ ಒಪ್ಪುತ್ತಿರಲಿಲ್ಲ.

"ಸರ್ಕಾರದ ದುಡ್ಡು ಖಾಸಗಿಯೋರ ಬಾಗಿಲಿಗೆ ಹೋಗೋದಾದ್ರೆ ನಮ್ಮೂರ ಆಸ್ಪತ್ರೆಗೆ ಏನು ಉಳಿತೈತಮ್ಮಾ? ರಾತ್ರಿ ಹೆರಿಗೆಗೆ ಡಾಕ್ಟ್ರಿಲ್ಲ. ನಿನ್ನ ತಕ್ಕಡಿ ಕೆಟ್ಟು ಎಷ್ಟು ತಿಂಗಳಾಯ್ತು? ಹೊಸದು ಬಂತಾ?"

"ಕಾರ್ಡಿಲ್ದಿದ್ರೆ ನನ್ನ ತಾಳಿ ಇರ್ತಿರ್ಲಿಲ್ಲ ವದಿನಮ್ಮಾ. ನಿಮ್ಗೆ ಭಾಷಣ ಸಲೀಸು."

"ಅಲ್ಲವೇ, ಅವರು ಉಳಿದದ್ದು ನಂಗೆ ಸಂತೋಷ ಇಲ್ವಾ? ಅದೂ ಬೇಕು, ಇದೂ ಬೇಕು ಅಂತ ಕೇಳೋಣ ಬಾ ಅಂದ್ರೆ ಬರಲ್ಲ ಅಂತೀಯ."

ಹಾಗಂದಾಗಲೆಲ್ಲ ನಾನು ಒಂದೇ ಮಾತು ಹೇಳುತ್ತಿದ್ದೆ. "ನೀವು ಮುಷ್ಕರ ಅಂತ ಹೋಗ್ರಿ. ಇಲ್ಲಿ ಯಾವುದಾದ್ರೂ ಕೂಸಿಗೆ ಹೆಚ್ಚುಕಮ್ಮಿ ಆದ್ರೆ ನಿಮ್ಮ ತಲೆಗೇ ಬರ್ತೈತೆ, ನೋಡ್ತಿರ್ರಿ."

ಅದು ಹಾಗೇ ಆಯಿತು. ಹೇಗಾಯಿತು ಅನ್ನುವುದನ್ನೇ ಬರೆಯಬೇಕಾಗಿರುವುದು...

ಆ ವರ್ಷ ಅವರೆಲ್ಲ ಬೆಂಗಳೂರಿಗೆ ಹೋಗಿ ರಸ್ತೆಯಲ್ಲಿ ಧರಣಿ ಕೂತರು. ಹೊರಡುವ ಹಿಂದಿನ ದಿನ ವದಿನಮ್ಮ ನಮ್ಮ ಮನೆಗೆ ಬಂದರು. ಕೈಯಲ್ಲಿ ಅವರ ತಕ್ಕಡಿ, ಅದಕ್ಕೆ ಸಿಕ್ಕಿಸಿದ ಈ ರೇಷ್ಮೆ ಜೋಳಿಗೆ.

"ನೀನು ಬರಲ್ಲ, ಗೊತ್ತು. ನನ್ನ ಬೀದೀಲಿ ಒಂದು ಎಳೇ ಬಾಣಂತಿ ಇದಾಳೆ. ಕೂಸು ಹುಟ್ಟುವಾಗ್ಲೇ ತೂಕ ಕಮ್ಮಿ. ನಡುವೆ ಒಂದ್ಸಲ ಹೋಗಿ ತೂಗಿ ಬಾರಮ್ಮ. ವರದಿ ಕೊಡಬೇಡ, ಅದು ಮುಷ್ಕರ. ಕೂಸಿನ ಮೇಲೇನು ಮುಷ್ಕರ?"

ಹೋದೆ. ಆದರೆ ಅವರ ಜೋಳಿಗೆ ಒಯ್ಯಲಿಲ್ಲ. ಸೀರೆ ನೇಯ್ದು ಉಳಿದ ತುಂಡಿನಲ್ಲಿ ಹೊಲಿದದ್ದು ಅದು. ಕೂಸಿನ ಮೈಗೆ ಚುಚ್ಚೋದಿಲ್ಲ, ಅಳೋದಿಲ್ಲ, ತೂಗಿಸಿಕೊಂಡ ಮಗುವಿಗೆ ರೇಷ್ಮೆಯ ಯೋಗ ಬರುತ್ತದೆ ಅಂತ ಆ ಬೀದಿಯ ತಾಯಂದಿರು ಕತೆ ಕಟ್ಟಿದ್ದರು. ನನ್ನದು ಹಳೇ ಜಮಖಾನದ್ದು, ಎರಡು ಪದರ, ನಾಲ್ಕು ಕಡೆ ದಪ್ಪ ಪಟ್ಟಿ. ನಾನೇ ಕೂತು ಕೈಯಲ್ಲಿ ಹೊಲಿದದ್ದು. ಅದಕ್ಕೇನು ಕಮ್ಮಿ?

ಬಾಣಂತಿ ನನ್ನನ್ನು ಕಂಡ ಕೂಡಲೇ ಕೇಳಿದಳು, "ವದಿನಮ್ಮ ಬರಲಿಲ್ವಾ?" ನಾನು ಚೀಲದಿಂದ ಜೋಳಿಗೆ ತೆಗೆದರೆ, "ಅಯ್ಯೋ, ಇದಾ? ಆ ರೇಷ್ಮೇದು ತರಬೇಕಿತ್ತು."

"ತೂಕಕ್ಕೆ ಯಾವುದಾದ್ರೇನು!" ಅಂದೆ.

ಯಾವುದಾದರೇನು ಅಲ್ಲ, ಅದು ನನಗೇ ಗೊತ್ತಿತ್ತು. ಆ ಕೊಳವೆ ತಕ್ಕಡಿಗೆ ಮೊದಲು ಬರೀ ಜೋಳಿಗೆಯನ್ನು ನೇತುಹಾಕಬೇಕು. ಮೇಲಿನ ತಿರುಪು ತಿರುಗಿಸಿ ಮುಳ್ಳನ್ನು ಸೊನ್ನೆಗೆ ತಂದುಕೊಳ್ಳಬೇಕು. ಆಮೇಲೆ ಮಗು. ಇಲ್ಲವಾದರೆ ಜೋಳಿಗೆಯ ತೂಕವೂ ಮಗುವಿನ ಲೆಕ್ಕಕ್ಕೆ ಸೇರುತ್ತದೆ. ವದಿನಮ್ಮನ ತಕ್ಕಡಿ ಅವರ ಹಗುರ ರೇಷ್ಮೆಗೆ ಸೊನ್ನೆಯಾಗಿತ್ತು. ನಾನು ಸಿಟ್ಟಿನಲ್ಲಿ ನನ್ನ ಜಮಖಾನ ಸಿಕ್ಕಿಸಿ, ತಿರುಪು ಮುಟ್ಟದೆ, ಕೂಸನ್ನು ಹಾಕಿ ಎತ್ತಿದೆ. ಮುಳ್ಳು ಕಮ್ಮಿ ತೂಕದ ಹಳದಿ ದಾಟಿ ಸರಿ ತೂಕದ ಹಸಿರಿಗೆ ಬಂತು. ಕೂಸು ಅಳಲಿಲ್ಲ. ನೋಡು, ನನ್ನ ಜೋಳಿಗೆಯಲ್ಲೂ ಅಳಲಿಲ್ಲ ಅಂತ ಒಳಗೊಳಗೇ ಹಿಗ್ಗಿದೆ. ಅಳುವಷ್ಟು ಶಕ್ತಿ ಅದಕ್ಕಿರಲಿಲ್ಲ ಅಂತ ಆಗ ಹೊಳೆಯಲಿಲ್ಲ.

"ತುಂಬಾ ನಿದ್ದೆ ಮಾಡ್ತೈತೆ ಕಣ್ರಿ. ಎದೆಹಾಲಿಗೂ ಏಳಲ್ಲ," ಅಂದಳು ಬಾಣಂತಿ.

"ತೂಕ ಏರೈತೆ, ಹೆದರಬೇಡ," ಅಂದು ಪುಸ್ತಕದಲ್ಲಿ ಬರೆದು ಬಂದೆ.

ನಾಲ್ಕನೇ ದಿನ ವದಿನಮ್ಮ ಬೆಂಗಳೂರಿನಿಂದ ಬಂದವರು, ಬಸ್ಸಿಳಿದು ಮನೆಗೂ ಹೋಗದೆ ಆ ಮನೆಗೆ ಹೋದರಂತೆ. ಕೂಸನ್ನು ಕೈಗೆತ್ತಿಕೊಂಡ ಕೂಡಲೇ ಗೊತ್ತಾಯಿತಂತೆ, ತಕ್ಕಡಿ ಆಮೇಲೆ. ಧರಣಿಗೆ ಉಟ್ಟಿದ್ದ ಅದೇ ಸೀರೆಯಲ್ಲೇ ತಾಯಿಯನ್ನೂ ಕೂಸನ್ನೂ ಕಾರು ಹತ್ತಿಸಿ ಚಳ್ಳಕೆರೆಗೆ ಹೊರಟರು. ಕೂಸನ್ನು ತಾಯಿಯ ಎದೆಗೆ, ಚರ್ಮಕ್ಕೆ ಚರ್ಮ ತಾಗಿ ಬೆಚ್ಚಗಿರುವ ಹಾಗೆ, ದಾರಿಯುದ್ದಕ್ಕೂ ಸೆರಗಿನೊಳಗೆ ಕಟ್ಟಿಸಿಯೇ ಕರೆದುಕೊಂಡು ಹೋದರಂತೆ. ಹದಿಮೂರು ದಿನ ಆಸ್ಪತ್ರೆಯಲ್ಲಿತ್ತು. ಉಳಿಯಿತು. ಈಗ ಹೈಸ್ಕೂಲಿಗೆ ಹೋಗುತ್ತಾಳೆ, ನನ್ನನ್ನು ಕಂಡರೆ ಸೈಕಲ್ಲಿನ ಗಂಟೆ ಬಾರಿಸುತ್ತಾಳೆ.

ಆ ತಿಂಗಳ ಸಭೆಯಲ್ಲಿ ಮೇಲಿನವರೊಬ್ಬರು ಎಲ್ಲರೆದುರು ವದಿನಮ್ಮನನ್ನು ನಿಲ್ಲಿಸಿದರು. "ನೀವು ಅಲ್ಲಿ ಘೋಷಣೆ ಕೂಗ್ತಾ ಕೂತ್ರಿ, ಇಲ್ಲಿ ಕೂಸು ಸಾಯೋ ಹಾಗಾಗಿತ್ತು. ಇದಕ್ಕಾ ಸಂಘ?" ಮಾತು ನನ್ನದೇ. ನಾನು ವರ್ಷಗಟ್ಟಲೆ ಹೇಳಿದ್ದು ಅದನ್ನೇ. ನಾನು ಎರಡನೇ ಸಾಲಿನಲ್ಲಿದ್ದೆ. ಪುಸ್ತಕ ನನ್ನ ತೊಡೆಯ ಮೇಲಿತ್ತು, ಅದರಲ್ಲಿ ನನ್ನ ಅಕ್ಷರದಲ್ಲಿ ಆ ತೂಕ. ಈಗ ಹೇಳುತ್ತಾರೆ, ಈಗ ನನ್ನ ಕಡೆ ಕೈ ತೋರಿಸುತ್ತಾರೆ ಅಂತ ಕಾದೆ. ಅವರು ನನ್ನ ಕಡೆ ನೋಡಲೂ ಇಲ್ಲ. "ತಪ್ಪಾಯ್ತು ಸಾರ್. ಆದ್ರೆ ಸಂಘದ್ದಲ್ಲ ತಪ್ಪು," ಅಂದು ಕೂತರು. ನಾನು ಏಳಲಿಲ್ಲ. ಬಾಯಿ ಒಣಗಿತ್ತು ಅಂತ ಹೇಳಬಹುದು... ಒಣಗಿದ್ದು ನಿಜ, ಅದರ ಕೆಳಗೆ ಒಂದು ಸಣ್ಣ ಸಂತೋಷವೂ ಇತ್ತು. ಕಡೆಗೂ ಆ ನೆರಿಗೆ ಮುದುಡಿತು ಅನ್ನುವ ಸಂತೋಷ.

ಸಂಜೆ ಅವರು ನನ್ನ ಜಮಖಾನದ ಜೋಳಿಗೆ ವಾಪಸ್ಸು ತಂದರು. ನಾನು ಅದನ್ನು ತಕ್ಕಡಿಯ ಜೊತೆ ಆ ಮನೆಯಲ್ಲೇ ಬಿಟ್ಟು ಬಂದಿದ್ದೆ. ಒಗೆದು, ಮಡಚಿ ತಂದಿದ್ದರು.

"ಇದಕ್ಕೆ ಬೇರೆ ಸೊನ್ನೆ ಮಾಡ್ಕೋಬೇಕಿತ್ತು ಕಣೆ."

"ಸಭೇಲಿ ಯಾಕೆ ಹೇಳಲಿಲ್ಲ?"

"ನಿನ್ನ ಹೆಸರು ಹೇಳಿದ್ರೆ ನಿನ್ನ ಹಿಂದೆ ಯಾರಿದಾರೆ? ಕೆಲಸ ಹೋಗ್ತಿತ್ತು. ನನ್ನ ಹಿಂದೆ ಇನ್ನೂರು ಜನ ಇದಾರೆ. ಅದಕ್ಕೇ ಅಲ್ವಾ ಸಂಘ ಅನ್ನೋದು?" ಅಂದು ನೀರು ಕುಡಿದು, ತಮ್ಮ ರೇಷ್ಮೆ ಜೋಳಿಗೆ ತೆಗೆದುಕೊಂಡು ಹೋದರು.

ನನಗೆ ಅಳು ಬರಬೇಕಿತ್ತು. ಉರಿ ಹತ್ತಿತು. ಬೈದಿದ್ದರೆ ಸಮಸಮ ಆಗುತ್ತಿತ್ತು. ಕ್ಷಮಿಸುವುದರಲ್ಲೂ ನನಗಿಂತ ಒಂದು ಕೈ ಮೇಲೇ ಇರಬೇಕಾ ಈ ಹೆಂಗಸು ಅನ್ನಿಸಿತು. ಒಂದು ವರ್ಷ ಅವರ ಜೊತೆ ಸರಿಯಾಗಿ ಮಾತಾಡಲಿಲ್ಲ. ಅವರು ಮಾತ್ರ ಬೀದಿಯ ತುದಿಯಿಂದ ಕೂಗುವುದನ್ನು ಬಿಡಲಿಲ್ಲ.

ಕೆಲವು ವರ್ಷಗಳ ಮೇಲೆ ಅವರಿಗೆ ಕಾಯಿಲೆಯಾಯಿತು. ಮೂತ್ರಪಿಂಡದ್ದು. ಸರ್ಕಾರಿ ಆಸ್ಪತ್ರೆಯ ಡಯಾಲಿಸಿಸ್ ಯಂತ್ರದ ಮುಂದೆ ಉದ್ದ ಸಾಲು. ನಾನೇ ಹೋಗಿ ಅವರ ಕಾರ್ಡು ಹುಡುಕಿಸಿ, ಖಾಸಗಿಗೆ ಕರೆದುಕೊಂಡು ಹೋದೆ. ಬಸ್ಸಿನಲ್ಲಿ ಕಿಟಕಿಗೆ ತಲೆ ಆನಿಸಿ ನಕ್ಕರು. "ಗೆದ್ದೆ ಅನ್ಕೋಬೇಡ ಚಳ್ಳಕೆರೆ. ಆ ಸಾಲಿನಲ್ಲಿ ನಿಂತಿರೋರು ಇನ್ನೂ ನಿಂತೇ ಇದಾರೆ."

"ಸುಮ್ನೆ ಕೂತ್ಕೊಳ್ರಿ, ಉಸಿರು ಹತ್ತುತ್ತೆ," ಅಂದೆ.

ಹೀಗೇ ಜಗಳವಾಡುತ್ತ ಎಂಟು ತಿಂಗಳು ವಾರಕ್ಕೆ ಎರಡು ಸಲ ಆ ಬಸ್ಸಿನಲ್ಲಿ ಹೋಗಿಬಂದೆವು. ಅವರು ನನ್ನೊಬ್ಬಳಿಗೇ ಸಿಕ್ಕಿದ್ದು ಆ ಎಂಟು ತಿಂಗಳು. ದಾರಿಯಲ್ಲಿ ತಳಕು ಊರಿನ ಹತ್ತಿರ ಬಸ್ಸು ನಿಂತಾಗ ಸಂಘದ ಯಾರಾದರೂ ಹುಡುಗಿ ಹತ್ತಿ "ವದಿನಮ್ಮಾ!" ಅಂದರೆ ನಾನು ಆಗಲೂ ಮುಖ ಆ ಕಡೆ ತಿರುಗಿಸಿಕೊಳ್ಳುತ್ತಿದ್ದೆ. ತೀರಿಕೊಂಡ ಹನ್ನೊಂದನೇ ದಿನ ಅವರ ಮಗಳು ಈ ಜೋಳಿಗೆ ತಂದುಕೊಟ್ಟಳು. "ಅಮ್ಮ ನಿಮಗೇ ಕೊಡು ಅಂದಿದ್ಲು," ಅಂದಳು. ತೆಗೆದು ಟ್ರಂಕಿನ ತಳಕ್ಕೆ ಹಾಕಿದೆ.

ಮೊನ್ನೆ ಮತ್ತೆ ಸಭೆಯಿತ್ತು. ಮತ್ತೆ ಮುಷ್ಕರದ ಮಾತು. ಈಗಿನವರು ಚಿಕ್ಕ ಹುಡುಗಿಯರು. ಒಬ್ಬಳು ಎದ್ದು, "ಹಿಂದೆ ಒಂದ್ಸಲ ಹೀಗೇ ಧರಣಿಗೆ ಹೋದಾಗ ಒಂದು ಕೂಸು ಸಾಯೋ ಹಂಗಾಗಿತ್ತಂತಲ್ಲ, ನಂಗೆ ಭಯ," ಅಂದಳು. ನನ್ನ ಕಾಲು ತಾನಾಗೇ ಎದ್ದು ನಿಂತಿತು.

"ಅದು ಮುಷ್ಕರದಿಂದ ಆದದ್ದಲ್ಲಮ್ಮ. ಕೂಸನ್ನ ತೂಗಿದ್ದು ನಾನು. ದಪ್ಪ ಜೋಳಿಗೆ ಹಾಕಿ, ಸೊನ್ನೆ ಮಾಡ್ಕೊಳ್ದೆ ತೂಗಿದೆ. ತಪ್ಪು ನಂದು."

ಇಷ್ಟು ವರ್ಷದ ಮೇಲೆ ಹೇಳಿದೆ. ಹುಡುಗಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಪಕ್ಕದಲ್ಲಿದ್ದವಳು ಮೆಲ್ಲಗೆ ನನ್ನ ಕೈ ಹಿಡಿದಳು.

"ಬಿಡ್ರಿ ಅಕ್ಕಾ. ನಮಗೆಲ್ಲ ಗೊತ್ತೈತೆ. ತರಬೇತಿಗೆ ಬಂದಾಗ ವದಿನಮ್ಮನೇ ಪ್ರತಿ ಸಲ ಹೇಳೋರು. 'ದಪ್ಪ ಜೋಳಿಗೆ ಹಾಕಿ ಸೊನ್ನೆ ಮರೆತು ನಾನು ಒಂದು ಕೂಸು ಕಳ್ಕೊಳ್ತಿದ್ದೆ, ನೀವು ಮರೀಬೇಡ್ರಿ' ಅಂತ. ಅವರು ಹೋದ್ಮೇಲೆ ಅವರ ತಪ್ಪನ್ನ ನೀವು ತಲೆ ಮೇಲೆ ಹಾಕ್ಕೋತೀರಲ್ಲ, ಎಂಥ ಪ್ರೀತಿ ನಿಮ್ಮದು!"

"ಇಲ್ಲಮ್ಮ, ಅವರು ಬೆಂಗಳೂರಲ್ಲಿದ್ರು. ನಾನೇ..." ಅಂದೆ.

"ಆಯ್ತು ಅಕ್ಕಾ, ಕೂತ್ಕೊಳ್ರಿ. ನೀರು ಕುಡೀರಿ."

ಯಾರೋ ಬಾಟಲಿ ಕೊಟ್ಟರು. ಸಭೆ ಮುಂದಕ್ಕೆ ಹೋಯಿತು. ನನ್ನದು ಅಂತ ಹೇಳಿಕೊಳ್ಳಲು ಇದ್ದ ಆ ಒಂದು ತಪ್ಪನ್ನೂ ವದಿನಮ್ಮ ತೆಗೆದುಕೊಂಡು ಹೋಗಿದ್ದರು. ಹೌದು, ಇವಳದ್ದೇ ಅಂತ ಸಾಕ್ಷಿ ಹೇಳಬಲ್ಲವರು ಇದ್ದದ್ದೂ ಅವರೊಬ್ಬರೇ. ನಾನು ಇನ್ನೊಮ್ಮೆ ಎದ್ದು, ಇನ್ನೂ ಸ್ವಲ್ಪ ಗಟ್ಟಿಯಾಗಿ, ತೂಗಿದ್ದು ನಾನೇ ಅಂದೆ. ಹುಡುಗಿಯರೆಲ್ಲ ತಿರುಗಿ, ಬಹಳ ಕರುಣೆಯಿಂದ ನನ್ನನ್ನು ನೋಡಿದರು.